ಅಡಿಕೆ ಮಂಡಿಯ ಹೆಸರು ರೇಸ್ ಕಾರಿನ ಮೇಲೆ

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದು ಮೂರು ತಲೆಮಾರಿನ ಅಡಿಕೆ ಮಂಡಿ. ಅಪ್ಪಯ್ಯ, ಚಿಕ್ಕಪ್ಪ ಮತ್ತು ನಾನು ಪಾಲುದಾರರು. ನಮ್ಮ ಪಿಕಪ್ ಗಾಡಿಗಳನ್ನು ರಿಪೇರಿ ಮಾಡುವ ಗ್ಯಾರೇಜಿನ ಹುಡುಗರು ಹಳೆಯ ಜಿಪ್ಸಿಯೊಂದನ್ನು ಸಜ್ಜು ಮಾಡಿಕೊಂಡು ನಾಲ್ಕು ವರ್ಷಗಳಿಂದ ಆಟೋಕ್ರಾಸ್, ರ್‍ಯಾಲಿ ಎಂದು ಓಡುತ್ತಿದ್ದಾರೆ. ಈವರೆಗೆ ಬಹುಮಾನದ ಒಂದು ಕಪ್ಪೂ ಬಂದಿಲ್ಲ. ಅರ್ಧಕ್ಕರ್ಧ ಸಲ ಗಾಡಿ ನಡುದಾರಿಯಲ್ಲೇ ನಿಲ್ಲುತ್ತದೆ. ಈ ವರ್ಷ ಪ್ರಾಯೋಜಕರಾಗಿ ಎಂದು ನಮ್ಮನ್ನು ನಾಲ್ಕು ಲಕ್ಷ ರೂಪಾಯಿ ಕೇಳಿದ್ದಾರೆ. ಅಮೆರಿಕದ ಸ್ಟಾಕ್ ಕಾರ್ ರೇಸಿನಲ್ಲಿ ಒಂದು ಕುಟುಂಬದ ಕಂಪನಿ ಯಾರೂ ಲೆಕ್ಕಕ್ಕೆ ಹಿಡಿಯದ ತಂಡದ ಬೆನ್ನಿಗೆ ನಿಂತು, ಡೇಟೋನಾದಲ್ಲಿ ಗೆದ್ದದ್ದನ್ನು ಮಗ ತೋರಿಸಿದ. ನನಗೆ ಮನಸ್ಸಿದೆ. ಅಪ್ಪಯ್ಯ ಮಾತ್ರ ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ’ ಅನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ನಿಮ್ಮ ಮಗ ತೋರಿಸಿದ್ದು 2021ರ ಡೇಟೋನಾ 500 ಇರಬೇಕು. ಫ್ರಂಟ್ ರೋ ಮೋಟರ್‌ಸ್ಪೋರ್ಟ್ಸ್ ಎಂಬ ಸಣ್ಣ ತಂಡದ ಮೈಕೆಲ್ ಮೆಕ್‌ಡವೆಲ್ ಅಂದು ಓಡಿಸಿದ 34ನೇ ನಂಬರಿನ ಫೋರ್ಡ್ ಕಾರಿನ ಮೇಲೆ ಇದ್ದದ್ದು ಲವ್ಸ್ ಟ್ರಾವೆಲ್ ಸ್ಟಾಪ್ಸ್ ಕಂಪನಿಯ ಹೆಸರು. 1964ರಲ್ಲಿ ಓಕ್ಲಹೋಮಾದ ವಾಟೋಂಗಾ ಎಂಬ ಊರಿನಲ್ಲಿ ಟಾಮ್ ಮತ್ತು ಜೂಡಿ ಲವ್ ದಂಪತಿ ಒಂದು ಪೆಟ್ರೋಲ್ ಬಂಕ್ ಹಾಕಿ ಶುರು ಮಾಡಿದ ವ್ಯಾಪಾರವದು. ಇಂದಿಗೂ ಆ ಕುಟುಂಬದ ಕೈಯಲ್ಲೇ ಇದೆ. ಮಳೆಯಿಂದಾಗಿ ಗಂಟೆಗಟ್ಟಲೆ ನಿಂತುಹೋದ ರೇಸು ಮಧ್ಯರಾತ್ರಿ ದಾಟಿದ ಮೇಲೆ ಮುಗಿಯಿತು. 200ನೇ ಸುತ್ತಿನಲ್ಲಿ, ಅಂದರೆ ಕಟ್ಟಕಡೆಯ ಸುತ್ತಿನಲ್ಲಿ, ಮುಂದಿದ್ದ ಎರಡು ಕಾರುಗಳು ಒಂದಕ್ಕೊಂದು ತಾಗಿ ಬೆಂಕಿ ಹತ್ತಿಕೊಂಡಾಗ ಅವುಗಳ ಬೆನ್ನಿಗೇ ಇದ್ದ ಮೆಕ್‌ಡವೆಲ್ ನಡುವೆ ನುಸುಳಿ ಮುಂದಾದರು. ಇಡೀ ರೇಸಿನಲ್ಲಿ ಅವರು ಮುಂದಿದ್ದದ್ದು ಆ ಒಂದು ಸುತ್ತಿನಲ್ಲಿ ಮಾತ್ರ. ಆದರೆ ಅದು ಅವರ 358ನೇ ರೇಸು ಎಂಬುದನ್ನು ಮಗನಿಗೆ ದಯವಿಟ್ಟು ಹೇಳಿ. ಅದಕ್ಕೆ ಮೊದಲಿನ 357ರಲ್ಲಿ ಒಂದನ್ನೂ ಅವರು ಗೆದ್ದಿರಲಿಲ್ಲ.

ಆ 357 ರೇಸುಗಳಲ್ಲಿ ಅನೇಕವನ್ನು ಅವರು ಮುಗಿಸಲಿಕ್ಕೂ ಹೋಗಿರಲಿಲ್ಲ. ದುಡ್ಡಿಲ್ಲದ ತಂಡಗಳು ರೇಸಿಗೆ ಇಳಿದು, ಕೆಲವೇ ಸುತ್ತು ಓಡಿಸಿ, ಏನೋ ಕೆಟ್ಟಿತೆಂದು ಕಾರನ್ನು ಬದಿಗೆ ನಿಲ್ಲಿಸಿಬಿಡುತ್ತಿದ್ದವು. ಕೊನೆಯ ಸ್ಥಾನಕ್ಕೂ ಸಿಗುವ ಒಂದಿಷ್ಟು ಬಹುಮಾನದ ಹಣ ಕೈಗೆ ಬರುತ್ತಿತ್ತು, ಟೈರು ಮತ್ತು ಎಂಜಿನ್ ಉಳಿಯುತ್ತಿದ್ದವು. ಮೆಕ್‌ಡವೆಲ್ ಹಲವು ವರ್ಷ ಅಂಥ ತಂಡಗಳಿಗೆ ಕಾರು ಓಡಿಸಿದವರು. ಪ್ರಾಯೋಜಕರ ಹಣ ಸಣ್ಣ ತಂಡಕ್ಕೆ ಮೊದಲು ತಂದುಕೊಡುವುದು ಗೆಲುವನ್ನಲ್ಲ, ರೇಸನ್ನು ಕೊನೆಯವರೆಗೆ ಓಡುವ ಶಕ್ತಿಯನ್ನು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದೂ ಕಪ್ಪು ಬರದ ಸಂಗತಿಯಲ್ಲ, ಅರ್ಧಕ್ಕರ್ಧ ಸಲ ಗಾಡಿ ನಡುದಾರಿಯಲ್ಲಿ ನಿಲ್ಲುವ ಸಂಗತಿ. ಆದ್ದರಿಂದ ಹಣ ಕೊಡಿ, ಆದರೆ ಗೆಲ್ಲುವುದಕ್ಕೆಂದು ಕೊಡಬೇಡಿ, ಮುಗಿಸುವುದಕ್ಕೆಂದು ಕೊಡಿ ಎನ್ನುವುದು ನನ್ನ ಸಲಹೆ.

ನಾಲ್ಕು ಲಕ್ಷದ ಚೆಕ್ ಬರೆಯುವ ಬದಲು ಒಂದು ಭಾನುವಾರ ಗ್ಯಾರೇಜಿಗೆ ಹೋಗಿ ಕುಳಿತು, ನಾಲ್ಕು ವರ್ಷಗಳಲ್ಲಿ ಗಾಡಿ ಎಲ್ಲೆಲ್ಲಿ ನಿಂತಿತು, ಏನು ಮುರಿದು ನಿಂತಿತು ಎಂದು ಕೇಳಿ ಬರೆದುಕೊಳ್ಳಿ. ಗೇರ್‌ಬಾಕ್ಸ್ ಹೋದದ್ದು ಎಷ್ಟು ಸಲ, ಸಸ್ಪೆನ್ಶನ್ ಮುರಿದದ್ದು ಎಷ್ಟು ಸಲ, ಬದಲಿ ಟೈರಿಲ್ಲದೆ ಹಿಂದೆ ಸರಿದದ್ದು ಎಷ್ಟು ಸಲ ಎಂಬುದು ಕಾಗದದ ಮೇಲೆ ಬಂದರೆ ಹಣ ಎಲ್ಲಿಗೆ ಹೋಗಬೇಕೆಂಬುದು ತಾನಾಗಿ ತಿಳಿಯುತ್ತದೆ. ಅಡಿಕೆಯ ರಾಶಿಯಲ್ಲಿ ಕೈಯಾಡಿಸಿ ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ಹೇಳಬಲ್ಲ ನಿಮಗೆ ಈ ವಿಂಗಡಣೆ ಕಷ್ಟವಲ್ಲ. ಆ ಪಟ್ಟಿಯನ್ನು ಹುಡುಗರು ನಾಚಿಕೆಯಿಲ್ಲದೆ ಬಿಚ್ಚಿ ಹೇಳಿದರೆ ಅವರನ್ನು ನಂಬಬಹುದು. ಎಲ್ಲದಕ್ಕೂ ದುರದೃಷ್ಟವೇ ಕಾರಣ ಎಂದರೆ ಒಂದು ವರ್ಷ ಕಾಯಿರಿ.

ಪಟ್ಟಿಯ ತಲೆಯಲ್ಲಿ ಸುರಕ್ಷತೆ ಇರಬೇಕು. ಇಲ್ಲಿ ನಾನು ಚೌಕಾಸಿಗೆ ಒಪ್ಪುವುದಿಲ್ಲ. ಡೇಟೋನಾದ ಅದೇ ರೇಸಿನ ಕೊನೆಯ ಸುತ್ತಿನಲ್ಲಿ, 2001ರ ಫೆಬ್ರುವರಿ 18ರಂದು, ಏಳು ಸಲ ಚಾಂಪಿಯನ್ ಆಗಿದ್ದ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದು ತಲೆಬುರುಡೆಯ ಬುಡ ಒಡೆದು ತೀರಿಕೊಂಡರು. ಹೆಲ್ಮೆಟ್ಟನ್ನು ಹೆಗಲಿಗೆ ಕಟ್ಟಿಹಿಡಿದು ಕುತ್ತಿಗೆ ಮುಂದಕ್ಕೆ ಜಗ್ಗದಂತೆ ತಡೆಯುವ ಸಾಧನ ಆಗಲೇ ಇತ್ತು, ಅವರು ಅದನ್ನು ಧರಿಸಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಸ್ಟಾಕ್ ಕಾರ್ ಸಂಸ್ಥೆ ನ್ಯಾಸ್ಕಾರ್ ಅದನ್ನು ಕಡ್ಡಾಯ ಮಾಡಿತು. ನಿಮ್ಮ ಹುಡುಗರ ಜಿಪ್ಸಿಯ ಒಳಗಿನ ರೋಲ್ ಕೇಜ್, ಅಂದರೆ ಗಾಡಿ ಮಗುಚಿದರೆ ಒಳಗಿನವರನ್ನು ಕಾಯುವ ಕೊಳವೆಗಳ ಚೌಕಟ್ಟು, ಹೇಗಿದೆ, ಸೀಟ್ ಬೆಲ್ಟಿನ ಮೇಲೆ ಹೊಲಿದ ಚೀಟಿಯಲ್ಲಿ ಯಾವ ವರ್ಷದವರೆಗೆ ಬಳಸಬಹುದೆಂದು ಬರೆದಿದೆ, ಹೆಲ್ಮೆಟ್ ಎಷ್ಟು ಹಳೆಯದು ಎಂದು ನೀವೇ ಕೈಯಲ್ಲಿ ಹಿಡಿದು ನೋಡಿ. ಮಂಡಿಯ ಹೆಸರು ಬಾಗಿಲ ಮೇಲೆ ಬರುವ ಮೊದಲು ಇವು ಹೊಸದಾಗಲಿ. ಅಪ್ಪಯ್ಯನಿಗೂ ಈ ಮಾತನ್ನು ಹೇಳಿ ನೋಡಿ. ಸ್ಟಿಕ್ಕರಿಗೆ ಹಣ ಕೊಡಲು ಒಪ್ಪದ ಹಿರಿಯರು ಊರ ಹುಡುಗನ ತಲೆ ಕಾಯಲು ಕೊಡುವುದನ್ನು ಬೇಡವೆನ್ನಲಾರರು.

ನಿಮ್ಮ ವ್ಯಾಪಾರಕ್ಕೆ ಇದರಿಂದ ಏನು ಸಿಗುತ್ತದೆ ಎಂಬುದು ಅಪ್ಪಯ್ಯನ ನಿಜವಾದ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಅಡಿಕೆ ಮಂಡಿಗೆ ಬರುವವರು ಜಾಹೀರಾತು ನೋಡಿ ಬರುವುದಿಲ್ಲ. ತೂಕದಲ್ಲಿ ಮೋಸವಿಲ್ಲ, ಮುಂಗಡ ಬೇಕೆಂದಾಗ ಸಿಗುತ್ತದೆ, ಲೆಕ್ಕ ಚುಕ್ತಾ ಮಾಡುವಾಗ ಸತಾಯಿಸುವುದಿಲ್ಲ ಎಂಬ ನಂಬಿಕೆಯಿಂದ ಬರುತ್ತಾರೆ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳಲ್ಲಿ ಈಗ ಲೆಕ್ಕ ನೋಡುತ್ತಿರುವವರು ಮಕ್ಕಳು. ಅವರಲ್ಲಿ ಬಹಳ ಮಂದಿ ಜೀಪು, ಬೈಕುಗಳ ಮೇಲೆ ಜೀವ ಇಟ್ಟವರು. ಎರಡು ವರ್ಷಗಳ ಹಿಂದೆ ಸಾಗರದ ಕಡೆ ಕೊಯ್ಲು ಮುಗಿದ ಗದ್ದೆ ಬಯಲಿನಲ್ಲಿ ನಡೆದ ಆಟೋಕ್ರಾಸ್ ನೋಡಲು ನಾನು ಹೋಗಿದ್ದೆ. ಓಡಿ ಬಂದು ನಿಂತ ಒಂದು ಹಳೆಯ ಕಾರಿನ ಮೈತುಂಬ ಕೆಂಧೂಳು ಮೆತ್ತಿತ್ತು. ಗ್ಯಾರೇಜಿನ ಸಣ್ಣ ಹುಡುಗನೊಬ್ಬ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ತಂದವನು ಗಾಜು ಒರೆಸಲಿಲ್ಲ, ನಂಬರ್ ಒರೆಸಲಿಲ್ಲ; ಬಾಗಿಲ ಮೇಲಿದ್ದ ಊರಿನ ಕಬ್ಬಿಣದ ಅಂಗಡಿಯ ಹೆಸರನ್ನು ಮೊದಲು ಒರೆಸಿದ. ಆ ಅಂಗಡಿಯವರು ಬೇಲಿಯಾಚೆ ಹೆಂಡತಿ ಮಕ್ಕಳೊಂದಿಗೆ ನಿಂತಿದ್ದರು. ಆ ಕಾರಿಗೆ ಅಂದು ಯಾವ ಸ್ಥಾನವೂ ಬರಲಿಲ್ಲ. ಸಂಜೆಯವರೆಗೂ ಜನ ಅವರ ಹತ್ತಿರ ಬಂದು ‘ನಿಮ್ಮ ಗಾಡಿ ಚೆನ್ನಾಗಿ ಓಡಿತು’ ಎಂದು ಹೇಳಿ ಹೋಗುತ್ತಿದ್ದುದನ್ನು ನಾನು ಕಂಡಿದ್ದೇನೆ. ನೀವೂ ಓಟದ ದಿನ ಕುಟುಂಬ ಸಮೇತ ಅಲ್ಲಿ ಇರಬೇಕು. ಮಂಡಿಯಲ್ಲಿ ಕುಳಿತು ಹಣ ಮಾತ್ರ ಕಳಿಸುವುದಾದರೆ ಅಪ್ಪಯ್ಯನ ಗಾದೆಯೇ ಸರಿಯಾಗುತ್ತದೆ.

ಲೆಕ್ಕದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ನಿಮ್ಮದು ಪಾಲುದಾರಿಕೆ ಸಂಸ್ಥೆ. ಹುಡುಗರ ತಂಡ ನೋಂದಾಯಿತ ಕಂಪನಿಯಲ್ಲದಿದ್ದರೆ ಪ್ರಾಯೋಜಕತ್ವದ ಮೇಲಿನ ಶೇ 18ರ ಜಿಎಸ್‌ಟಿಯನ್ನು ಕಟ್ಟುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ. ನಾಲ್ಕು ಲಕ್ಷ ಎಂದರೆ ಕೈಯಿಂದ ಹೋಗುವುದು 4,72,000 ರೂಪಾಯಿ ಎಂದು ಮೊದಲೇ ತಿಳಿದಿರಲಿ. ಮೂಲದಲ್ಲಿ ತೆರಿಗೆ ಕಡಿತದ ವಿಚಾರವನ್ನೂ ನಿಮ್ಮ ಆಡಿಟರ್ ಹತ್ತಿರ ಮಾತಾಡಿ. ವ್ಯಾಪಾರದ ಖರ್ಚೆಂದು ತೋರಿಸಬೇಕಾದರೆ ಕರಾರು ಪತ್ರ, ಬಿಲ್ಲು ಮತ್ತು ಹೆಸರು ಕಾಣುವ ಫೋಟೊ ಕಡತದಲ್ಲಿರಲಿ. ಇನ್ನೊಂದು ಎಚ್ಚರಿಕೆ: ಜಿಪ್ಸಿಯನ್ನು ಮಂಡಿಯ ಹೆಸರಿಗೆ ಬರೆಸಿಕೊಳ್ಳಬೇಡಿ, ನಿಮ್ಮ ಪಿಕಪ್ಪನ್ನು ಓಟಕ್ಕೆ ಕೊಡಬೇಡಿ. ಸಾಮಾನ್ಯ ವಾಹನ ವಿಮೆ ಸಂಘಟಿತ ರೇಸಿಗೆ ಅನ್ವಯವಾಗುವುದಿಲ್ಲ. ಮೋಟರ್ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಅನುಮತಿ ಪಡೆದ ಸ್ಪರ್ಧೆಗಳಲ್ಲಿ ಮಾತ್ರ ಹೆಸರು ಹಾಕುವುದಾಗಿ ಕರಾರಿನಲ್ಲಿ ಬರೆಸಿ. ಕುಟುಂಬದಲ್ಲಿ ಯಾರಾದರೂ ತಂಬಾಕು ಬೆರೆತ ಸರಕಿನ ವ್ಯಾಪಾರ ಮಾಡುತ್ತಿದ್ದರೆ ಆ ಹೆಸರು ಕಾರಿನ ಮೇಲೆ ಬರುವಂತಿಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆ ಅದನ್ನು ತಡೆಯುತ್ತದೆ.

ಎಷ್ಟು ಕೊಡಬೇಕು? ಅಡಿಕೆ ಧಾರಣೆ ಬಿದ್ದ ವರ್ಷದಲ್ಲೂ ಕೊಡಲು ಆಗುವಷ್ಟು. ಒಂದು ವರ್ಷ ನಾಲ್ಕು ಲಕ್ಷ ಕೊಟ್ಟು ಮರುವರ್ಷ ಕೈ ಎತ್ತುವುದಕ್ಕಿಂತ ಮೂರು ವರ್ಷ ಒಂದೂವರೆ ಲಕ್ಷದಂತೆ ಕೊಡುವುದು ಆ ಹುಡುಗರಿಗೆ ಹೆಚ್ಚು ಉಪಕಾರ. ಅಮೆರಿಕದ ಡೆನ್ವರಿನ ಫರ್ನಿಚರ್ ರೋ ಎಂಬ ನ್ಯಾಸ್ಕಾರ್ ತಂಡವನ್ನು ನೋಡಿ: ಪೀಠೋಪಕರಣ ಮಳಿಗೆಗಳ ಒಡೆಯರೊಬ್ಬರು 2005ರಲ್ಲಿ ಕಟ್ಟಿದ ಆ ತಂಡ 2017ರಲ್ಲಿ ಚಾಂಪಿಯನ್ ಆಯಿತು, ಮುಖ್ಯ ಪ್ರಾಯೋಜಕರೊಬ್ಬರು ಬಿಟ್ಟುಹೋದಾಗ ಅವರ ಜಾಗಕ್ಕೆ ಇನ್ನೊಬ್ಬರು ಸಿಗದೆ 2018ರ ಕೊನೆಗೆ ಮುಚ್ಚಿಹೋಯಿತು. ಬಿಡುವುದಾದರೆ ಒಂದು ವರ್ಷ ಮೊದಲೇ ತಿಳಿಸುತ್ತೇವೆ ಎಂಬ ಮಾತನ್ನು ನಿಮ್ಮ ಕಡೆಯಿಂದಲೇ ಬರೆದುಕೊಡಿ.

ಪ್ರಶ್ನೆ: ಸ್ಟಾಕ್ ಕಾರ್ ಎಂದರೆ ಏನು? ನಮ್ಮಲ್ಲಿ ಏಕೆ ಇಲ್ಲ?
— ಒಬ್ಬ ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಅಂಗಡಿಯಲ್ಲಿ ದಾಸ್ತಾನಿರುವ ಕಾರನ್ನೇ ಹೆಚ್ಚು ಬದಲಿಸದೆ ಓಡಿಸುವುದು ಎಂಬ ಅರ್ಥದಲ್ಲಿ ಆ ಹೆಸರು ಬಂತು. ನ್ಯಾಸ್ಕಾರ್ ಹುಟ್ಟಿದ್ದು 1948ರಲ್ಲಿ, ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ. ಈಗಿನ ಕಾರುಗಳು ಹೊರನೋಟಕ್ಕೆ ಮಾತ್ರ ಮಾರಾಟದ ಕಾರಿನಂತಿವೆ. ಒಳಗೆಲ್ಲ ರೇಸಿಗೆಂದೇ ಕಟ್ಟಿದ ಉಕ್ಕಿನ ಚೌಕಟ್ಟು. ಡೇಟೋನಾದ ಪಥ ಸುಮಾರು 4 ಕಿಲೋಮೀಟರ್ ಸುತ್ತಳತೆಯದು, ತಿರುವುಗಳು 31 ಡಿಗ್ರಿ ಓರೆ. ನಮ್ಮ ಚೆನ್ನೈ, ಕೊಯಮತ್ತೂರಿನ ಪಥಗಳು ಅಂಥವಲ್ಲ, ಎಡಬಲ ತಿರುವಿನವು. ಮಲೆನಾಡಿನವರಿಗೆ ಹತ್ತಿರವಾದದ್ದು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ನಡೆಯುವ ರ್‍ಯಾಲಿ. ಅವಕಾಶ ಸಿಕ್ಕರೆ ಹೋಗಿ ನೋಡಿ.

ಪ್ರಶ್ನೆ: ನಾವು ಮೂವರು ಗೆಳೆಯರ ತಂಡ, ಗೆದ್ದ ದಾಖಲೆ ಇಲ್ಲ. ಊರಿನ ಅಂಗಡಿಯವರನ್ನು ಯಾವ ಮುಖ ಹೊತ್ತು ಹಣ ಕೇಳುವುದು?
— ಗ್ಯಾರೇಜಿನವರು, ಸಾಗರ

ಉತ್ತರ: ನ್ಯಾಸ್ಕಾರ್ ರೇಸುಗಳಲ್ಲಿ ಅಲನ್ ಕುಲ್ವಿಕಿ ಎಂಬ ಎಂಜಿನಿಯರ್ ತಮ್ಮ ಸ್ವಂತ ಪುಟ್ಟ ತಂಡದಲ್ಲಿ ತಾವೇ ಕಾರು ಓಡಿಸುತ್ತಿದ್ದರು. 1991ರ ಹಂಗಾಮನ್ನು ಅವರು ಆರಂಭಿಸಿದ್ದು ಪೂರ್ತಿ ವರ್ಷದ ಪ್ರಾಯೋಜಕರಿಲ್ಲದೆ. 1992ರಲ್ಲಿ ಅವರು ದೊಡ್ಡ ತಂಡಗಳನ್ನೆಲ್ಲ ಹಿಂದೆ ಹಾಕಿ ಬರೀ 10 ಅಂಕಗಳ ಅಂತರದಿಂದ ಚಾಂಪಿಯನ್ ಆದರು. ಕೊನೆಯ ರೇಸಿಗೆ ಕಾರಿನ ಮೂತಿಯ ಮೇಲಿದ್ದ ‘ಥಂಡರ್‌ಬರ್ಡ್’ ಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರಗಳನ್ನು ತೆಗೆಸಿ ‘ಅಂಡರ್‌ಬರ್ಡ್’ ಎಂದು ಮಾಡಿಕೊಂಡಿದ್ದರು, ಗೆಲ್ಲಲಾರರೆಂದು ಜನ ಎಣಿಸಿದವರನ್ನು ಇಂಗ್ಲಿಷಿನಲ್ಲಿ ‘ಅಂಡರ್‌ಡಾಗ್’ ಎನ್ನುತ್ತಾರಲ್ಲ, ಹಾಗೆ. ಸಣ್ಣವರೆಂಬುದನ್ನು ಅವರು ಮುಚ್ಚಿಡಲಿಲ್ಲ, ನೀವೂ ಮುಚ್ಚಿಡಬೇಡಿ. ಗೆಲ್ಲುತ್ತೇವೆ ಎಂದು ಮಾತು ಕೊಡಬೇಡಿ. ಕಳೆದ ವರ್ಷ ಎಷ್ಟು ಓಟಕ್ಕೆ ಹೋದಿರಿ, ಎಷ್ಟನ್ನು ಮುಗಿಸಿದಿರಿ, ಯಾವ ಬಿಡಿಭಾಗ ಇದ್ದಿದ್ದರೆ ಇನ್ನೆಷ್ಟು ಮುಗಿಯುತ್ತಿತ್ತು ಎಂಬುದನ್ನು ಒಂದೇ ಹಾಳೆಯಲ್ಲಿ, ಬೆಲೆ ಸಮೇತ, ಕನ್ನಡದಲ್ಲಿ ಬರೆದು ಕೊಡಿ. ಹಣವನ್ನೇ ಕೇಳಬೇಕೆಂದಿಲ್ಲ, ಟೈರಿನ ಅಂಗಡಿಯವರಿಂದ ಟೈರು, ಬಂಕಿನವರಿಂದ ಡೀಸೆಲ್ ಇಲ್ಲವೆ ಪೆಟ್ರೋಲ್, ಹೋಟೆಲಿನವರಿಂದ ಓಟದ ಎರಡು ದಿನದ ಊಟ ಕೇಳಬಹುದು. ಅಡಿಕೆ ಸುಲಿಯುವ ದಿನಗಳಲ್ಲಿ ಯಾರ ಮನೆಗೂ ಹೋಗಬೇಡಿ, ಆಗ ಯಾರಿಗೂ ಪುರುಸೊತ್ತಿರುವುದಿಲ್ಲ. ಹೋಗುವಾಗ ಕಾರನ್ನು ತೊಳೆದು, ಅಂಗಡಿಯ ಮುಂದೆ ಹತ್ತು ನಿಮಿಷ ನಿಲ್ಲಿಸಿ, ಮನೆಯ ಹಿರಿಯರನ್ನು ಕರೆದು ಒಳಗೆ ಕೂರಿಸಿ ಬೆಲ್ಟ್ ಹಾಕಿ ತೋರಿಸಿ.