ಅಮೆರಿಕದ ಟಿವಿ ಕಾಮಿಡಿ ಶೋ ಸ್ಯಾಟರ್ಡೇ ನೈಟ್ ಲೈವ್‌ನಿಂದ ಕಲಾವಿದರು ಯಾಕೆ ಹೊರಹೋಗುತ್ತಲೇ ಇರುತ್ತಾರೆ?

ಎಲ್ಲರೂ ತಾವಾಗಿಯೇ ಬಿಟ್ಟು ಹೋಗುವುದಿಲ್ಲ. ಕೆಲವರನ್ನು ಕೈಬಿಡುತ್ತಾರೆ. ಹೊಸಬರ ಜೊತೆ ಹಲವು ವರ್ಷಗಳ ಒಪ್ಪಂದ ಆಗುತ್ತದೆ ನಿಜ, ಆದರೆ ಪ್ರತಿ ಸೀಸನ್ ಮುಗಿದ ಮೇಲೆ ಮುಂದುವರಿಸುವುದು ಬಿಡುವುದು ಎನ್‌ಬಿಸಿ ಚಾನೆಲ್ ಕೈಯಲ್ಲಿ. 1995ರಲ್ಲಿ ಆಡಮ್ ಸ್ಯಾಂಡ್ಲರ್, ಕ್ರಿಸ್ ಫಾರ್ಲಿ ಅವರಂಥ ಜನಪ್ರಿಯ ಹಾಸ್ಯನಟರನ್ನೇ ಕಳಿಸಿಬಿಟ್ಟರು!

ಇನ್ನೊಂದು ಕಾರಣ ಸುಸ್ತು. ಸೋಮವಾರ ಐಡಿಯಾ ಹೇಳಬೇಕು, ಮಂಗಳವಾರ ರಾತ್ರಿಯೆಲ್ಲಾ ಕೂತು ಸ್ಕೆಚ್ (ಪುಟ್ಟ ಹಾಸ್ಯ ಪ್ರಸಂಗ) ಬರೆಯಬೇಕು, ಬುಧವಾರ ಎಲ್ಲರೆದುರು ಓದಬೇಕು. ಅಲ್ಲೇ ಮುಕ್ಕಾಲು ಪಾಲು ಸ್ಕೆಚ್‌ಗಳು ಬಿದ್ದುಹೋಗುತ್ತವೆ. ಉಳಿದದ್ದಕ್ಕೆ ಸೆಟ್ಟು, ಬಟ್ಟೆ, ವಿಗ್ ಎಲ್ಲಾ ತಯಾರಾಗಿ ಶನಿವಾರ ಸಂಜೆ ಪ್ರೇಕ್ಷಕರೆದುರು ರಿಹರ್ಸಲ್ ಆಗುತ್ತದೆ. ನಗು ಬರದಿದ್ದರೆ ಆಗಲೂ ಕತ್ತರಿ. ರಾತ್ರಿ 11.30ಕ್ಕೆ ಲೈವ್ ಶುರುವಾದಾಗ ಕಲಾವಿದನಿಗೆ ಒಂದೇ ಒಂದು ಸಾಲು ಉಳಿದಿರಬಹುದು. ವರ್ಷಗಟ್ಟಲೆ ಇದನ್ನೇ ಮಾಡಿದರೆ ಯಾರಿಗಾದರೂ ಸಾಕೆನಿಸುತ್ತದೆ, ಅಲ್ವಾ?

ಸಿನಿಮಾ ಸೆಳೆತ ಬೇರೆ. 1975ರಲ್ಲಿ ಶೋ ಶುರುವಾಯಿತು, ಮರುವರ್ಷವೇ ಚೆವಿ ಚೇಸ್ ಹೊರಟರು. ಎಡ್ಡಿ ಮರ್ಫಿ 1984ರಲ್ಲಿ ಬಿಡುವಷ್ಟರಲ್ಲಿ ಆಗಲೇ ಸಿನಿಮಾ ಸ್ಟಾರ್.

ದೊಡ್ಡ ಗುಂಪು ಒಟ್ಟಿಗೆ ಹೋದಾಗ ಮಾತ್ರ ಪೆಟ್ಟು ಜೋರು. 1980ರಲ್ಲಿ ನಿರ್ಮಾಪಕ ಲಾರ್ನ್ ಮೈಕಲ್ಸ್ ಜೊತೆ ಇಡೀ ತಂಡವೇ ಹೋಯಿತು, ಮುಂದಿನ ಸೀಸನ್ ನೆಲಕಚ್ಚಿತು. ಮೈಕಲ್ಸ್ 1985ರಲ್ಲಿ ವಾಪಸ್ ಬಂದರು. 2022ರಲ್ಲಿ ಕೇಟ್ ಮೆಕಿನನ್, ಪೀಟ್ ಡೇವಿಡ್ಸನ್ ಸೇರಿ ಎಂಟು ಜನ ಹೋದರು. ಆಗ ‘ಶೋ ಕಥೆ ಮುಗೀತು’ ಅಂದವರು ಬಹಳ. ನನಗಂತೂ ಅದು ಸುಮ್ನೆ ಗಾಬರಿ ಅನಿಸಿತ್ತು. ಶೋ ಮುಂದುವರಿದೇ ಇದೆ. ಕೆನನ್ ಥಾಂಪ್ಸನ್ ಒಬ್ಬರು ಮಾತ್ರ 2003ರಿಂದ ಇಪ್ಪತ್ತಕ್ಕೂ ಜಾಸ್ತಿ ಸೀಸನ್ ಮಾಡಿ ದಾಖಲೆ ಬರೆದಿದ್ದಾರೆ.