ಎರೆ ಹೊಲದಲ್ಲಿ ಮನೆ, ಆಡಿನ ದೊಡ್ಡಿ

ಪ್ರಶ್ನೆ: ಚಿತ್ತಾಪುರದ ಹತ್ತಿರ ನಮ್ಮದು 3 ಎಕರೆ ಎರೆ ಹೊಲ. ಅಲ್ಲೇ ಎರಡು ಕೋಣೆಯ ಮನೆ, 10 ಆಡಿಗೆ ದೊಡ್ಡಿ ಕಟ್ಟಬೇಕು. ಅತ್ತೆ, ಇಬ್ಬರು ಮಕ್ಕಳು ಜೊತೆಗಿರುತ್ತಾರೆ. ಪಕ್ಕದ ಹೊಲದ ಮನೆ ಗೋಡೆ ಬಿರುಕು ಬಿಟ್ಟಿದೆ, ಭಯ ಆಗುತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ಕಲಬುರಗಿ ಜಿಲ್ಲೆ

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಅದರ ಮೇಲೆ ಬರೀ ಎರಡಡಿ ಪಾಯ ತೆಗೆದು ಗೋಡೆ ಎಬ್ಬಿಸಿದರೆ ಬಿರುಕು ಬರದೇ ಇರುತ್ತದಾ? ಮೊದಲು ಗುಂಡಿ ತೋಡಿ ನೋಡಿ. ಗಟ್ಟಿ ಮೊರಂ (ಕಲ್ಲು ಮಿಶ್ರಿತ ಗಟ್ಟಿ ಮಣ್ಣು) ಸಿಗುವವರೆಗೆ ಪಾಯ ಇಳಿಸಿ. ಎರೆ ತುಂಬಾ ಆಳ ಇದ್ದರೆ ಸುಮ್ನೆ ಊಹೆ ಮಾಡಬೇಡಿ, ಎಂಜಿನಿಯರ್‌ಗೆ ತೋರಿಸಿ. ಪಾಯದ ಮೇಲೆ ಬೆಲ್ಟ್ ಕಾಂಕ್ರೀಟ್, ಅಂದರೆ ಎಲ್ಲ ಗೋಡೆಗಳ ಕೆಳಗೆ ಸುತ್ತಲೂ ಹೋಗುವ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ, ಬೇಕೇ ಬೇಕು. ಬಚ್ಚಲು ನೀರು ಗೋಡೆ ಬುಡದಲ್ಲಿ ಇಂಗಬಾರದು, ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ನೆಲಕ್ಕೆ ಶಹಾಬಾದ್ ಪರಸಿ (ಚಪ್ಪಡಿ ಕಲ್ಲು) ಹಾಕಿ, ನಿಮ್ಮ ಹತ್ತಿರವೇ ಸಿಗುತ್ತದೆ ಅಲ್ವಾ. ಅತ್ತೆಯವರು ಓಡಾಡುವ ಕಡೆ, ಬಚ್ಚಲಲ್ಲಿ ಮಾತ್ರ ನುಣುಪು ಕಲ್ಲು ಬೇಡವೇ ಬೇಡ.

ದೊಡ್ಡಿ ಪೂರ್ವ-ಪಶ್ಚಿಮ ಉದ್ದಕ್ಕಿರಲಿ, ಬಿಸಿಲು ಒಳಗೆ ಕಡಿಮೆ ಬೀಳುತ್ತದೆ. ದೊಡ್ಡ ಆಡು ಒಂದಕ್ಕೆ 10ರಿಂದ 12 ಚದರಡಿ ಸಾಕು. ಮುಂದೆ ಬಯಲು ಅಂಗಳ ಬಿಡಿ. ದುಡ್ಡು ಕಡಿಮೆ ಬಿದ್ದರೆ ಈ ವರ್ಷ ದೊಡ್ಡಿಗೆ ಜೋಳದ ಕಣಿಕೆಯ ಚಪ್ಪರವೇ ನಡೆಯುತ್ತದೆ, ಮನೆಯ ಪಾಯದಲ್ಲಿ ಮಾತ್ರ ಉಳಿತಾಯ ನೋಡಬೇಡಿ.