‘ಇವತ್ತೇ ನಿಲ್ಲಿಸಬೇಡಿ’ ಅಂತ ಹೇಳಿದ್ದೇಕೆ?

ನಿದ್ದೆ ಮಾತ್ರೆಯ ಚಟ ಬಿಡಿಸಿ ಅಂತ ಈ ವರ್ಷ ನನ್ನ ಹತ್ತಿರ ಬಂದ ನಾಲ್ಕನೇ ಪ್ರಕರಣ ಇದು. ನಾಲ್ಕೂ ಮನೆಗಳಲ್ಲಿ ಒಂದೇ ತಪ್ಪು ನಡೆದಿತ್ತು, ಇಲ್ಲವೇ ನಡೆಯುವುದರಲ್ಲಿತ್ತು: ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ವಿವರ ಬದಲಿಸಿದ್ದೇನೆ.

ಶಾರದಮ್ಮನವರಿಗೆ 52 ವರ್ಷ, ರಾಜಾಜಿನಗರದ ಕಡೆಯವರು. ಆರು ವರ್ಷದ ಹಿಂದೆ ಗಂಡ ತೀರಿಕೊಂಡಾಗ ನಿದ್ದೆಗೆ ಅಂತ ಡಾಕ್ಟರು ಎರಡು ವಾರಕ್ಕೆ ಆಲ್‌ಪ್ರಜೋಲಾಮ್ ಬರೆದಿದ್ದರು, 0.25 ಮಿಲಿಗ್ರಾಂ. ಎರಡು ವಾರ ಆರು ವರ್ಷವಾಯಿತು. ಈಗ ದಿನಕ್ಕೆ 3 ಮಿಲಿಗ್ರಾಂ. ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡೇ ಕೊಡಬೇಕಾದ ಮಾತ್ರೆ ಇದು. ಪರಿಚಯದ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಸಿಗುತ್ತಿತ್ತು.

ಮಗಳು ಕೂತ ಕೂಡಲೇ ಮಾತ್ರೆ ಶೀಟುಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. ಅಕ್ಕಿ ಡಬ್ಬಿ, ದೇವರ ಮನೆ, ಸೀರೆ ಮಡಿಕೆ, ಎಲ್ಲೆಲ್ಲೋ ಸಿಕ್ಕಿದ್ದವಂತೆ. “ಇವತ್ತಿಂದ ಒಂದೂ ಕೊಡಲ್ಲ ಮೇಡಂ. ನೀವೂ ಸ್ವಲ್ಪ ಹೇಳಿ.”

ಶಾರದಮ್ಮ ತಲೆ ಎತ್ತಲಿಲ್ಲ. “ಇದು ಹುಡುಗರು ತಗೊಳ್ಳೋ ಡ್ರಗ್ಸ್ ಅಲ್ಲ, ಡಾಕ್ಟ್ರೇ ಕೊಟ್ಟಿದ್ದು” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಹೋದ ತಿಂಗಳು ಊರಿಗೆ ಹೋದಾಗ ಮಾತ್ರೆ ಮರೆತಿದ್ದೆ. ಎರಡನೇ ದಿನ ಕೈ ನಡುಗಿ ಕಾಫಿ ಲೋಟ ಬಿತ್ತು. ಗೋಡೆ ಅಲ್ಲಾಡಿದ ಹಾಗಾಯ್ತು. ಯಾರಿಗೂ ಹೇಳಲಿಲ್ಲ.”

ಆ ಮಾತು ಕೇಳಿ ನನಗೆ ನಿಜಕ್ಕೂ ಭಯವಾಯಿತು. “ಇವತ್ತೇ ನಿಲ್ಲಿಸಬೇಡಮ್ಮ” ಅಂತ ಮಗಳಿಗೆ ಹೇಳಿದೆ.

ಅವಳಿಗೆ ಸಿಟ್ಟು ಬಂತು. “ಬಿಡಿಸ್ತೀರಿ ಅಂತ ಕರ್ಕೊಂಡು ಬಂದೆ. ನೀವೇ ತಗೊಳ್ಳಿ ಅಂತೀರಲ್ಲ!”

ಈ ಪ್ರಶ್ನೆ ನನಗೆ ಹೊಸದಲ್ಲ. ಮಾತ್ರೆಯ ಪರ ಮಾತಾಡುತ್ತೀರಿ ಅಂತ ಬೈಸಿಕೊಂಡಿದ್ದೇನೆ. ಆದರೂ ಅದನ್ನೇ ಹೇಳುತ್ತೇನೆ. ಈ ಜಾತಿಯ ಮಾತ್ರೆ ಮಿದುಳಿಗೆ ಬ್ರೇಕ್ ಹಾಕುತ್ತದೆ. ವರ್ಷಗಟ್ಟಲೆ ತಗೊಂಡರೆ ಮಿದುಳು ಅದಕ್ಕೇ ಒಗ್ಗಿಕೊಳ್ಳುತ್ತದೆ. ಒಮ್ಮೆಲೇ ನಿಲ್ಲಿಸಿದರೆ ನಡುಕ, ಬೆವರು, ಗಾಬರಿ. ಕೆಲವರಿಗೆ ಫಿಟ್ಸ್ ಬರುತ್ತದೆ, ಜೀವಕ್ಕೂ ಅಪಾಯ. ಛಲ ಇದ್ದರೆ ಸಾಕು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮುಂದುವರಿಸಿದರೂ ಅಪಾಯವೇ: ಮರೆವು, ತಲೆ ಸುತ್ತಿ ಬೀಳುವುದು. ಶಾರದಮ್ಮ ಕೆಮ್ಮು ಬಂದಾಗ ಮೇಲಿಂದ ಕೊಡೀನ್ (ಅಫೀಮಿನ ಜಾತಿಯ ಔಷಧ) ಇರುವ ಸಿರಪ್ಪನ್ನೂ ಕುಡಿಯುತ್ತಿದ್ದರು. ಎರಡೂ ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಸಿರಪ್ ಮಾತ್ರ ಇವತ್ತಿಂದಲೇ ಬೇಡ ಅಂದೆ. ಹೆಂಡ ಸೇರಿದರೂ ಇದೇ ಕಥೆ.

ಡೋಸ್ ಇಳಿಸುವುದು ನನ್ನ ಕೆಲಸವಲ್ಲ, ಮನೋವೈದ್ಯರದ್ದು. ಅವತ್ತೇ ನಿಮ್ಹಾನ್ಸ್‌ಗೆ ಕಳಿಸಿದೆ. ಅವರು ಹೇಳಿದಷ್ಟನ್ನು ಮಾತ್ರ ದಿನಾ ಎಣಿಸಿ ಕೊಡಲು ಮಗಳಿಗೆ ಹೇಳಿದೆ. ಫಿಟ್ಸ್ ಬಂದರೆ ಕೂಡಲೇ 108. ರಾತ್ರಿ ಮನಸ್ಸು ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಹುಡುಕಾಡಿದ್ದಕ್ಕೆ ಮಗಳನ್ನು ನಾನು ಬೈಯಲಿಲ್ಲ. ಅಪ್ಪನನ್ನು ಕಳಕೊಂಡವಳು, ಅಮ್ಮನನ್ನೂ ಕಳಕೊಳ್ಳುವ ಹೆದರಿಕೆ ಅವಳಿಗೆ ಇರುತ್ತದೆ, ಅಲ್ವಾ?

ಈಗ ಐದನೇ ತಿಂಗಳು. ಡೋಸ್ ಅರ್ಧಕ್ಕೆ ಇಳಿದಿದೆ. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಮಗಳು ಲೆಕ್ಕ ಬರೆದಿಡುತ್ತಾಳೆ. ಹೋದ ವಾರ ಎರಡು ರಾತ್ರಿ ಶಾರದಮ್ಮನಿಗೆ ನಿದ್ದೆಯೇ ಬರಲಿಲ್ಲವಂತೆ. ಜಾಸ್ತಿ ಮಾತ್ರೆ ಕೇಳಲಿಲ್ಲ. ಮಗಳನ್ನು ಎಬ್ಬಿಸಿದರು. ಎರಡು ಗಂಟೆ ರಾತ್ರಿಯಲ್ಲಿ ಇಬ್ಬರೂ ಕೂತು ಅವರೆಕಾಯಿ ಬಿಡಿಸಿದರಂತೆ.